ಲಾಬಾನನ ಪ್ರಶ್ನೆ: ಕುಟುಂಬದ ಕೂಡುವ್ಯಾಪಾರವನ್ನು ಕುರಿತ ಸತ್ಯವೇದ ಪಾಠ

ಓದತಕ್ಕ ಭಾಗಗಳು: ಆದಿಕಾಂಡ 29:13-30, 30:25-36, 31ನೆಯ ಅಧ್ಯಾಯ, ಯೆರೆಮೀಯ 32:6-14.

ನಮ್ಮ ಹಳ್ಳಿಯ ಸಭೆಗಳಲ್ಲಿ ಅಣ್ಣತಮ್ಮಂದಿರ ಜಗಳವೆಂದರೆ ಹಿಂದೆ ಹೊಲದ ಬದುವಿನದು, ಬಾವಿಯ ನೀರಿನದು, ಇಲ್ಲವೆ ಹಿತ್ತಲ ಗೋಡೆಯದು ಆಗಿತ್ತು. ಈಗ ಗೋಡೆಯೂ ಬಾಗಿಲೂ ಇಲ್ಲದ ಅಂಗಡಿಯ ನಿಮಿತ್ತವಾಗಿಯೂ ಮನೆಗಳು ಒಡೆಯುತ್ತಿವೆ. ಮೊಬೈಲಿನ ಮೂಲಕ ನಡಿಯುವ ಆನ್‌ಲೈನ್ ಅಂಗಡಿಯ ಮಾತನ್ನು ಹೇಳುತ್ತೇವೆ.

ಇಂಥ ಒಂದು ಮನೆಯನ್ನು ಮನಸ್ಸಿನ ಮುಂದೆ ಇಟ್ಟುಕೊಳ್ಳೋಣ. ಅತ್ತಿಗೆಯು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುವದರಲ್ಲಿ ಕೈಗುಣವುಳ್ಳವಳು. ಅಣ್ಣನು ಒಂದು ಜೋಡಿ ಎತ್ತುಗಳನ್ನು ಮಾರಿ ಹಿಟ್ಟಿನ ಗಿರಣಿಗೂ ಡಬ್ಬಿಗಳಿಗೂ ಹಣ ಹಾಕಿದನು. ಕಾಲೇಜು ಓದಿದ ತಮ್ಮನು ತನ್ನ ಮೊಬೈಲಿನಿಂದ ಅಂಗಡಿಯ ಪುಟವನ್ನು ತೆರೆದು, ಚಿತ್ರಗಳನ್ನು ಹಾಕಿ, ಬೆಂಗಳೂರು ಪುಣೆಗಳಿಂದ ಗಿರಾಕಿಗಳನ್ನು ತಂದನು. ತಾಯಿಯು ಕಾಳು ಆರಿಸಿದಳು. ಐದು ವರುಷ ಎಲ್ಲರೂ ಒಂದೇ ಒಲೆಯ ಊಟ ಉಂಡರು. ಯಾರಿಗೆ ಎಷ್ಟೆಂದು ಯಾರೂ ಕೇಳಲಿಲ್ಲ. ತಮ್ಮನಿಗೆ ಮದುವೆಯಾಗಿ ಬೇರೆ ಮನೆ ಮಾಡುವ ಕಾಲ ಬಂದಾಗ ಮಾತು ಹುಟ್ಟಿತು. ಒಂದು ರಾತ್ರಿ ಅಂಗಡಿಯ ಪಾಸ್‌ವರ್ಡ್ ಬದಲಾಯಿತು. ಮರುದಿನ ಅಣ್ಣನು ತನ್ನ ಹೆಸರಿನಲ್ಲಿದ್ದ ಬ್ಯಾಂಕಿನ ಖಾತೆಯನ್ನು ಬರಿದು ಮಾಡಿದನು. ಮುಂದಿನ ಆದಿತ್ಯವಾರ ಎರಡು ಸಂಸಾರಗಳು ದೇವಾಲಯದ ಎರಡು ಬದಿಗಳಲ್ಲಿ ಕೂತವು. ಕರ್ತನ ಭೋಜನಕ್ಕೆ ತಾಯಿಯೊಬ್ಬಳೇ ಎದ್ದು ಬಂದಳು.

ಈ ಮನೆಯನ್ನು ಮರೆಯದೆ ಲಾಬಾನನ ಮನೆಗೆ ಹೋಗೋಣ. ಯಾಕೋಬನು ಬಂದು ಒಂದು ತಿಂಗಳು ಕಳೆದ ಮೇಲೆ ಸೋದರಮಾವನು ಅವನನ್ನು ಒಂದು ಪ್ರಶ್ನೆ ಕೇಳುತ್ತಾನೆ: ನೀನು ನಂಟನೆಂಬ ಕಾರಣದಿಂದ ಬಿಟ್ಟಿಯಾಗಿ ದುಡಿಯುವದು ಸರಿಯೋ, ನಿನ್ನ ಸಂಬಳವೇನು? ಲಾಬಾನನು ಮೋಸಗಾರನೆಂದು ನಾವೆಲ್ಲರೂ ಬಲ್ಲೆವು. ಆದರೂ ಅವನ ಬಾಯಿಂದ ಹೊರಟ ಈ ಪ್ರಶ್ನೆಯು ನಮ್ಮ ಎಷ್ಟೋ ಭಕ್ತರ ಮನೆಗಳಲ್ಲಿ ಒಂದು ಸಾರಿಯಾದರೂ ಕೇಳಲ್ಪಟ್ಟದ್ದಿಲ್ಲ. ನಂಟನಾದದರಿಂದಲೇ ಸಂಬಳದ ಮಾತು ಬೇಡವೆಂದು ನಾವು ಅನ್ನುತ್ತೇವೆ. ಅದನ್ನು ಪ್ರೀತಿಯೆಂದು ಕರೆಯುತ್ತೇವೆ. ಲೆಕ್ಕ ಕೇಳಿದ ಕೂಡಲೆ, ಮೊದಲು ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚುವ ಹಿರಿಯರೂ ನಮ್ಮಲ್ಲಿ ಇಲ್ಲದಿಲ್ಲ.

ಕೇಳಿದರೆ ಮಾತ್ರ ಸಾಲದು. ಲಾಬಾನನು ಕೇಳಿದನು, ಒಪ್ಪಿದನು, ಒಪ್ಪಿದ್ದನ್ನು ಮುರಿದನು. ರಾಹೇಲಳಿಗಾಗಿ ಏಳು ವರುಷ ದುಡಿದವನಿಗೆ ಲೇಯಳನ್ನು ಕೊಟ್ಟನು. ಮಚ್ಚೆಯ ಆಡುಗಳು ಯಾಕೋಬನವೆಂದು ಮಾತಾದ ದಿನವೇ ಅಂಥವುಗಳನ್ನೆಲ್ಲಾ ಬೇರೆ ಮಾಡಿ ತನ್ನ ಮಕ್ಕಳ ಕೈಗೆ ಕೊಟ್ಟನು. ಇಪ್ಪತ್ತು ವರುಷಗಳಲ್ಲಿ ಹತ್ತು ಸಾರಿ ತನ್ನ ಸಂಬಳ ಬದಲಾಯಿತೆಂದು ಯಾಕೋಬನು ಹೇಳಿಕೊಳ್ಳುತ್ತಾನೆ. ಅತ್ತ ಲಾಬಾನನ ಮಕ್ಕಳಿಗೆ ತೋರಿದ್ದು ಬೇರೆ: ತಂದೆಯ ಆಸ್ತಿಯಿಂದಲೇ ಇವನು ಐಶ್ವರ್ಯವಂತನಾದನೆಂದು ಅವರು ಗುಣುಗುಟ್ಟಿದರು. ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ತಿಂದವನಿಗೆ ತನ್ನ ದುಡಿಮೆ ಕಾಣುತ್ತದೆ. ಹಿಂಡನ್ನು ಕೊಟ್ಟವನಿಗೆ ತನ್ನ ಹಿಂಡು ಕಾಣುತ್ತದೆ. ನಮ್ಮ ರೊಟ್ಟಿಯ ಮನೆಯಲ್ಲಿ ಅಣ್ಣನು ಎತ್ತುಗಳ ಮಾತು ಎತ್ತುತ್ತಾನೆ, ತಮ್ಮನು ಗಿರಾಕಿಗಳ ಮಾತು. ಇಬ್ಬರೂ ಸುಳ್ಳು ಹೇಳುವದಿಲ್ಲ.

ಹೆಂಗಸರ ಮಾತನ್ನು ಪಾಠ ಹೇಳುವವರು ಹೆಚ್ಚಾಗಿ ದಾಟಿಬಿಡುತ್ತಾರೆ. ರಾಹೇಲಳೂ ಲೇಯಳೂ, ತಂದೆಯು ತಮ್ಮನ್ನು ಪರರಂತೆ ಮಾರಿ ಬಂದ ಬೆಲೆಯನ್ನೂ ತಾನೇ ನುಂಗಿಬಿಟ್ಟನೆಂದು ದುಃಖಪಡುತ್ತಾರೆ. ಅತ್ತಿಗೆಯ ಕೈಗುಣವಿಲ್ಲದಿದ್ದರೆ ಆ ಅಂಗಡಿಯಲ್ಲಿ ಮಾರುವದಕ್ಕೆ ಏನಿತ್ತು? ಆದರೂ ಅಣ್ಣತಮ್ಮಂದಿರ ಪಾಲಿನ ಮಾತಿನಲ್ಲಿ ಆಕೆಯ ಹೆಸರು ಬರುವದೇ ಇಲ್ಲ.

ಇಲ್ಲಿ ದೇಶದ ಕಾನೂನನ್ನು ಕುರಿತು ಕೆಲವು ಮಾತುಗಳನ್ನು ತಿಳಿಸುವದು ಅವಶ್ಯ; ಯಾಕಂದರೆ ನಮ್ಮವರಲ್ಲಿ ಅನೇಕರು ಈ ವಿಷಯದಲ್ಲಿ ತಪ್ಪು ತಿಳುವಳಿಕೆಯಲ್ಲಿದ್ದಾರೆ. ಮನೆತನದ ವ್ಯಾಪಾರದಲ್ಲಿ ಹುಟ್ಟಿದವರಿಗೆಲ್ಲಾ ಹುಟ್ಟಿನಿಂದಲೇ ಪಾಲುಂಟೆಂದು ಅವರು ನಂಬುತ್ತಾರೆ. ಅದು ಹಿಂದೂ ಅವಿಭಕ್ತ ಕುಟುಂಬದ ನಿಯಮ. ಕ್ರೈಸ್ತರ ವಿಷಯದಲ್ಲಿ ಈ ಪ್ರಶ್ನೆಯು ನಮ್ಮ ಬಳ್ಳಾರಿಯಲ್ಲಿಯೇ ಹುಟ್ಟಿ ಲಂಡನಿನ ವರೆಗೆ ಹೋಯಿತು. ಮ್ಯಾಥ್ಯೂ ಅಬ್ರಹಾಂ ಎಂಬವನು ಅಲ್ಲಿ ಅಂಗಡಿಯನ್ನೂ ಸಾರಾಯಿ ಭಟ್ಟಿಯನ್ನೂ ನಡಿಸಿ ಬಹಳ ಹಣ ಕೂಡಿಸಿದನು. (ಅದು ಎಂಥ ವ್ಯಾಪಾರವೆಂಬ ವಿಚಾರವನ್ನು ಇನ್ನೊಂದು ಪಾಠಕ್ಕೆ ಬಿಡುತ್ತೇವೆ.) ಅವನ ಪೂರ್ವಿಕರು ಹಿಂದೂಗಳಾಗಿದ್ದು ಕ್ರೈಸ್ತರಾದವರು. ತಮ್ಮನಾದ ಫ್ರಾನ್ಸಿಸನು ಅವನ ಸಂಗಡ ದುಡಿದನು. 1842ರಲ್ಲಿ ಮ್ಯಾಥ್ಯೂ ತೀರಿಹೋದ ಮೇಲೆ ತಮ್ಮನು, ನಾವು ಅವಿಭಕ್ತರಾದದರಿಂದ ನನಗೂ ಹಕ್ಕುಂಟು ಎಂದನು; ವಿಧವೆಯಾದ ಷಾರ್ಲಟಳು ಒಪ್ಪಲಿಲ್ಲ. 1863ರಲ್ಲಿ ಪ್ರಿವಿ ಕೌನ್ಸಿಲಿನವರು ತೀರ್ಪು ಕೊಟ್ಟರು: ಕ್ರೈಸ್ತನಾದವನನ್ನು ಹಿಂದೂ ಧರ್ಮಶಾಸ್ತ್ರದ ನಿಯಮವು ಇನ್ನು ಕಟ್ಟಿಹಾಕದು, ಅವನು ಹಳೇ ರೂಢಿಯನ್ನು ಬಿಡಬಹುದು, ಇಟ್ಟುಕೊಳ್ಳಲೂಬಹುದು, ಆ ಕುಟುಂಬವು ಹೇಗೆ ನಡಕೊಂಡಿತೋ ಅದನ್ನು ನೋಡತಕ್ಕದ್ದು. ಅಣ್ಣನು ಸತ್ತು ಇಪ್ಪತ್ತೊಂದು ವರುಷಗಳ ತರುವಾಯ ಆ ಮನೆಯವರಿಗೆ ಈ ಮಾತು ತಿಳಿದು ಬಂತು.

ಮುಂದೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆಯು, ಪಾಲುದಾರಿಕೆ ಹುಟ್ಟುವದು ಒಪ್ಪಂದದಿಂದಲೇ ಹೊರತು ಹುಟ್ಟಿನ ಸಂಬಂಧದಿಂದಲ್ಲವೆಂದು 5ನೆಯ ಕಲಮಿನಲ್ಲಿ ಹೇಳಿತು. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಆದರೆ ಅದನ್ನು ರುಜುವಾತು ಮಾಡುವವರಾರು? ಒಪ್ಪಂದವಿತ್ತೆಂದು ತೋರಿಸಿದರೂ ಪಾಲು ಎಷ್ಟೆಂದು ಮಾತಾಗದಿದ್ದರೆ ಲಾಭವೂ ನಷ್ಟವೂ ಸಮವಾಗಿ ಹಂಚಲ್ಪಡುತ್ತವೆ. ನಷ್ಟದ ಮಾತನ್ನು ಓದುಗರು ಲಕ್ಷ್ಯಕ್ಕೆ ತಂದುಕೊಳ್ಳಲಿ. ಇನ್ನು ವ್ಯಾಪಾರವು ಅಣ್ಣನೊಬ್ಬನದೇ ಎಂದು ತೀರ್ಮಾನವಾಗಿ, ಅವನು ಮರಣಶಾಸನ ಬರೆಯದೆ ತೀರಿಹೋದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮೂರರಲ್ಲಿ ಒಂದು ಪಾಲು ಹೆಂಡತಿಗೂ ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೂ ಹೋಗುತ್ತದೆ. ಮಕ್ಕಳಿರುವಾಗ ತಮ್ಮನಿಗೆ ಏನೂ ಇಲ್ಲ. ಕಾಳು ಆರಿಸಿದ ತಾಯಿಗೂ ಇಲ್ಲ.

ಹಾಗಾದರೆ ಇಂಥ ಅಂಗಡಿಯಲ್ಲಿ ಹಂಚತಕ್ಕದ್ದು ಯಾವದು? ಗಿರಣಿಯೂ ಬಾಣಲೆಯೂ ಕಣ್ಣಿಗೆ ಕಾಣುತ್ತವೆ. ಅವುಗಳಿಗಿಂತ ಬೆಲೆಯುಳ್ಳವು ಕಾಣುವದಿಲ್ಲ. ಅಂಗಡಿಯ ಡೊಮೇನ್ ಹೆಸರು ಯಾರೋ ಒಬ್ಬರ ಹೆಸರಿನಲ್ಲಿ ದಾಖಲಾಗಿರುತ್ತದೆ. ಅವಧಿ ತೀರಿದಾಗ ಹಣ ಕಟ್ಟದಿದ್ದರೆ ಬೇರೆಯವರು ಅದನ್ನು ಪಡಕೊಳ್ಳಬಹುದು. ಇಂಥ ಹೆಸರಿಗೂ ವ್ಯಾಪಾರದ ಗುರುತಿನಂತೆ ರಕ್ಷಣೆಯುಂಟೆಂದು ನಮ್ಮ ಸುಪ್ರೀಮ್ ಕೋರ್ಟು 2004ರಲ್ಲಿ ಹೇಳಿರುವದರಿಂದ ಅದನ್ನು ಬರೀ ಗಾಳಿಮಾತೆಂದು ತಿಳಿಯಬಾರದು. ಪುಟದ ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ, ಓಟಿಪಿ ಬರುವ ಮೊಬೈಲ್ ನಂಬರು ಒಬ್ಬರ ಜೇಬಿನಲ್ಲಿ, ಬ್ಯಾಂಕಿನ ಖಾತೆಯೂ ಆಹಾರ ಮಾರುವ ಸರಕಾರಿ ಪರವಾನಿಗೆಯೂ ಮತ್ತೊಬ್ಬರ ಹೆಸರಿನಲ್ಲಿ. ಗಿರಾಕಿಗಳ ವಿಳಾಸಗಳು, ಅವರು ಬರೆದ ಒಳ್ಳೇ ಮಾತುಗಳು, ಇವುಗಳನ್ನು ತಕ್ಕಡಿಯಲ್ಲಿ ತೂಗುವದು ಹೇಗೆ? ಹೊಲವನ್ನಾದರೆ ಹಗ್ಗ ಹಿಡಿದು ಎರಡು ಮಾಡಬಹುದು. ಒಂದು ಹೆಸರನ್ನು ಎರಡು ಮಾಡಲಾಗದು. ಒಬ್ಬನು ಇಟ್ಟುಕೊಂಡು ಇನ್ನೊಬ್ಬನಿಗೆ ಬೆಲೆ ಕಟ್ಟಿ ಕೊಡಬೇಕು. ಕೀಲಿಯು ಯಾರ ಕೈಯಲ್ಲಿ ಇದೆಯೋ ಅವನೇ ಒಡೆಯನೆಂದು ತಿಳಿಯುವದು ಲಾಬಾನನ ಬುದ್ಧಿ: ಕಣ್ಣಿಗೆ ಕಾಣುವದೆಲ್ಲಾ ನನ್ನದೇ ಎಂದು ಅವನು ಕಡೇ ವರೆಗೂ ಹೇಳಿದನು.

ನಂಬಿಕೆಯುಳ್ಳವರ ನಡುವೆ ಕಾಗದವೇಕೆ ಎಂದು ಕೇಳುವವರು ಯೆರೆಮೀಯನನ್ನು ನೋಡಲಿ. ಅವನು ತನ್ನ ಚಿಕ್ಕಪ್ಪನ ಮಗನಾದ ಹನಮೇಲನಿಂದ ಹೊಲ ಕೊಂಡುಕೊಂಡನು. ಕೊಳ್ಳಲು ಹೇಳಿದವನು ದೇವರೇ. ಆದರೂ ಪ್ರವಾದಿಯು ಹದಿನೇಳು ಶೇಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು, ಪತ್ರ ಬರೆದು, ಮುದ್ರೆ ಹಾಕಿ, ಸಾಕ್ಷಿಗಳನ್ನು ನಿಲ್ಲಿಸಿ, ಮುಚ್ಚಿದ ಪತ್ರ ಒಂದು ತೆರೆದ ಪತ್ರ ಒಂದು ಹೀಗೆ ಎರಡನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ದೇವರ ಅಪ್ಪಣೆ ಇರುವಲ್ಲಿಯೂ ನಂಟನ ಸಂಗಡ ಕಾಗದವಾಯಿತು. ನಮ್ಮ ರೊಟ್ಟಿಯ ಮನೆಯವರೂ ಮೊದಲನೆಯ ವರುಷದಲ್ಲಿ, ಇನ್ನೂ ಒಂದೇ ಒಲೆಯ ಊಟ ಉಣ್ಣುವಾಗ, ಒಂದು ಸಾಯಂಕಾಲ ಕೂತು ಬರೆಯಬಹುದಾಗಿತ್ತು: ಎತ್ತು ಮಾರಿದ ಹಣವು ಸಾಲವೋ ಬಂಡವಾಳವೋ, ಅತ್ತಿಗೆಗೆ ಸಂಬಳವೋ ಪಾಲೋ, ಪುಟವೂ ಹೆಸರೂ ತಮ್ಮನ ಹೆಸರಿನಲ್ಲಿ ಇದ್ದರೂ ಎಲ್ಲರ ಪರವಾಗಿ ಇವೆಯೆಂಬದು, ಬಿಟ್ಟುಹೋಗುವವನಿಗೆ ಬೆಲೆ ಕಟ್ಟುವ ರೀತಿ, ಒಬ್ಬನು ಸತ್ತರೆ ಮುಂದೇನೆಂಬದು. ಪಾಸ್‌ವರ್ಡ್ ಇಬ್ಬರಿಗೆ ತಿಳಿದಿರಲಿ. ಪಾಲುದಾರಿಕೆ ಪತ್ರವನ್ನು ಬರೆದರೆ ಸಂಸ್ಥೆಗಳ ರಿಜಿಸ್ಟ್ರಾರರಲ್ಲಿ ದಾಖಲು ಮಾಡಿಸುವದೂ ಲೇಸು. ದಾಖಲಾಗದ ಪಾಲುದಾರಿಕೆಯಲ್ಲಿ ಪಾಲುದಾರನು ಒಪ್ಪಂದದ ಹಕ್ಕಿಗಾಗಿ ದಾವೆ ಹೂಡಲಾರನು, ಸಂಸ್ಥೆಯನ್ನು ಮುಗಿಸಿ ಲೆಕ್ಕ ಕೊಡಿಸಬೇಕೆಂದು ಮಾತ್ರ ಕೇಳಬಹುದು.

ಜಗಳವು ಆಗಲೇ ಹುಟ್ಟಿದ್ದರೆ? ಒಬ್ಬನು ಪಾಲು ಕೊಡಿಸೆಂದು ಕೇಳಿದಾಗ ನಮ್ಮ ಕರ್ತನು ಹಂಚುವವನಾಗಲು ಒಪ್ಪದೆ ಲೋಭದ ವಿಷಯವಾಗಿ ಎಚ್ಚರಿಸಿದನು (ಲೂಕ 12). ಆದರೆ ಆ ಮನುಷ್ಯನ ಹಕ್ಕು ಸುಳ್ಳೆಂದು ಆತನು ಹೇಳಲಿಲ್ಲ. ಪೌಲನು ಕೊರಿಂಥದವರಿಗೆ, ಸಹೋದರರ ವ್ಯಾಜ್ಯ ತೀರಿಸಬಲ್ಲ ಜಾಣನು ನಿಮ್ಮಲ್ಲಿ ಒಬ್ಬನಾದರೂ ಇಲ್ಲವೋ ಎಂದು ನಾಚಿಕೆ ಹುಟ್ಟಿಸುತ್ತಾನೆ. ಆದದರಿಂದ ಸಭೆಯ ಇಬ್ಬರು ಮೂವರನ್ನು ಕರೆಯಿರಿ. ಅವರಲ್ಲಿ ಒಬ್ಬರಾದರೂ ಲೆಕ್ಕ ಬಲ್ಲವರಾಗಿರಲಿ, ಯಾರೂ ಎರಡು ಕಡೆಯ ಬೀಗರಾಗಿರಬಾರದು. ಲೆಕ್ಕ ಮುಗಿಯುವ ವರೆಗೆ ಪಾಸ್‌ವರ್ಡನ್ನೂ ಖಾತೆಯನ್ನೂ ಯಾರೂ ಮುಟ್ಟಬಾರದೆಂಬದೇ ಮೊದಲನೆಯ ಮಾತಾಗಲಿ. ಆದರೆ ಪೌಲನ ಈ ವಾಕ್ಯವನ್ನು ಹಿಡುಕೊಂಡು ವಿಧವೆಯ ಬಾಯಿ ಮುಚ್ಚಿಸುವದನ್ನೂ ಕೇಳಿದ್ದೇವೆ. ಹಾಗೆ ಮಾಡುವ ಹಿರಿಯರು ಪೌಲನ ಮಾತನ್ನಲ್ಲ, ಲಾಬಾನನ ಕೆಲಸವನ್ನೇ ನಡಿಸುತ್ತಾರೆ. ಸಭೆಯು ನ್ಯಾಯ ಕೊಡದಿದ್ದಲ್ಲಿ ನ್ಯಾಯಸ್ಥಾನಕ್ಕೆ ಹೋದ ಬಡವೆಯನ್ನು ನಾವು ದೂಷಿಸುವದಿಲ್ಲ.

ಯಾಕೋಬನೂ ನಿರ್ದೋಷಿಯಾಗಿ ಹೊರಡಲಿಲ್ಲ. ಮಾವನು ಕುರಿಗಳ ಉಣ್ಣೆ ಕತ್ತರಿಸಲು ಹೋದ ಸಮಯ ನೋಡಿ ಹೇಳದೆ ಕೇಳದೆ ಹೊರಟನು. ರಾತ್ರಿಯಲ್ಲಿ ಪಾಸ್‌ವರ್ಡ್ ಬದಲಾಯಿಸಿದ ತಮ್ಮನಿಗೆ ಇದು ತಿಳಿಯದ ಸಂಗತಿಯಲ್ಲ. ಲಾಬಾನನು ಏಳು ದಿನ ಹಿಂದಟ್ಟಿ ಬಂದನು. ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೆಲ್ಲಾ ಆಡಿಬಿಟ್ಟ ಮೇಲೆ ಕಲ್ಲುಗಳನ್ನು ಕೂಡಿಸಿ ಕುಪ್ಪೆ ಮಾಡಿದರು. ಹಾನಿಗಾಗಿ ನಾನು ಇದನ್ನು ದಾಟಿ ಬರುವದಿಲ್ಲ, ನೀನೂ ಬರಬಾರದೆಂದು ಗೊತ್ತು ಮಾಡಿಕೊಂಡರು. ಆ ಕುಪ್ಪೆಗೆ ಲಾಬಾನನು ತನ್ನ ಭಾಷೆಯಲ್ಲಿ ಒಂದು ಹೆಸರನ್ನೂ ಯಾಕೋಬನು ತನ್ನದರಲ್ಲಿ ಇನ್ನೊಂದನ್ನೂ ಇಟ್ಟರು. ಹೆಸರಿನಲ್ಲಿಯೂ ಅವರು ಒಂದಾಗಲಿಲ್ಲ. ಆದರೂ ಅಲ್ಲಿಯೇ ಊಟ ಮಾಡಿ ಆ ರಾತ್ರಿ ಬೆಟ್ಟದ ಮೇಲೆ ಕಳೆದರು. ಬೆಳಿಗ್ಗೆ ಮುದುಕನು ಎದ್ದು, ಮೊಮ್ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಮುದ್ದಿಟ್ಟು, ಹರಸಿ, ತನ್ನ ಊರಿಗೆ ತಿರುಗಿಹೋದನು.