ಆಡುಮರಿಯೂ ಒಳಗೆ, ನಾಯಿಯೂ ಒಳಗೆ

ನಾರಾಯಣಗಾಂವ್ ಹತ್ತಿರದ ತೋಟದ ಮನೆಯಿಂದ ಬರೆದಿರುವ ತಾಯಿಗೆ,

ಏಳು ವರ್ಷದ ಮಗ ಆಡುಮರಿಯನ್ನು ಅಂಗಳದಲ್ಲೇ ಕಟ್ಟಬೇಕೆಂದು ಹಟ ಹಿಡಿದಿದ್ದಾನೆ, ಅತ್ತೆಯವರೂ ‘ಧಾರವಾಡದಾಗ ನಾವು ಹಂಗ ಕಟ್ಟತಿದ್ವಿ’ ಅನ್ನುತ್ತಾರೆ ಎಂದಿದ್ದೀರಿ. ಅಲ್ಲಿಯ ಮಾತು ಇಲ್ಲಿ ನಡೆಯದು. ಪುಣೆ ಜಿಲ್ಲೆಯ ಜುನ್ನರ್, ಆಂಬೇಗಾಂವ್, ಖೇಡ್, ಶಿರೂರು ತಾಲ್ಲೂಕುಗಳಲ್ಲಿ ಚಿರತೆಗೆ ಕಬ್ಬಿನ ಗದ್ದೆಯೇ ಕಾಡು. ಮರಿ ಹಾಕುವುದೂ ಅಲ್ಲೇ. ಅದನ್ನು ಮನೆ ಬಾಗಿಲಿಗೆ ಕರೆತರುವುದು ಹೊರಗೆ ಕಟ್ಟಿದ ಆಡು, ನಾಯಿ. ಮೇಲೆ ಮಾಡು, ಸುತ್ತ ತಂತಿ ಜಾಲರಿ, ಬಾಗಿಲಿಗೆ ಗಟ್ಟಿ ಚಿಲಕ ಇರುವ ಕೊಟ್ಟಿಗೆ ಬೇಕೇ ಬೇಕು. ರಾತ್ರಿ ನಾಯಿಯೂ ಒಳಗೇ. (ನಾಯಿ ಮನೆ ಕಾಯುತ್ತದೆ ಎಂಬ ನಂಬಿಕೆ ಚಿರತೆಯ ಮುಂದೆ ಕೆಲಸಕ್ಕೆ ಬಾರದು.)

ಮಗನನ್ನು ಹೆದರಿಸಬೇಡಿ. ಆಡುಮರಿಯನ್ನು ಒಳಗೆ ಅಟ್ಟಿ ಚಿಲಕ ಹಾಕುವ ಕೆಲಸ ಅವನಿಗೇ ಕೊಡಿ, ಬೆಳಕಿರುವಾಗಲೇ, ನೀವು ಪಕ್ಕದಲ್ಲಿ ನಿಂತು. ಕತ್ತಲಾದ ಮೇಲೆ ಬಯಲಿಗೆ ಒಬ್ಬನನ್ನೇ ಕಳಿಸಬೇಡಿ. ಕಬ್ಬು ಕಡಿಯುವಾಗ ಬೆಕ್ಕಿನಂಥ ಮರಿ ಕಂಡರೆ ಎತ್ತಿಕೊಳ್ಳಬಾರದೆಂದು ಈಗಲೇ ಹೇಳಿಡಿ. ಅದು ಚಿರತೆಮರಿಯಾಗಿದ್ದರೆ ತಾಯಿ ಹತ್ತಿರದಲ್ಲೇ ಇರಬಹುದು. ಹಾಗೆ ಕಂಡಾಗ ಕರೆ ಮಾಡಲು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಅಡುಗೆಮನೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.