ಸರಿಗೆ ಐದು, ತಪ್ಪಿಗೆ ಒಂದು: ಪ್ರವೇಶ ಪರೀಕ್ಷೆಯ ಜಮಾ-ಖರ್ಚು

(ಒಬ್ಬ ದ್ವಿತೀಯ ಬಿ.ಕಾಂ. ವಿದ್ಯಾರ್ಥಿ, ಮುಖರ್ಜಿ ನಗರ)

ದೆಹಲಿಯಲ್ಲಿ ಓದುತ್ತಿರುವ ನಮಗೆಲ್ಲ ಊರಿನಿಂದ ಬರುವ ಪ್ರಶ್ನೆ ಒಂದೇ: ‘ಕನ್ನಡದಲ್ಲಿ ಓದಿದ ನಮ್ಮ ಹುಡುಗ ಅಲ್ಲಿಯ ಪ್ರವೇಶ ಪರೀಕ್ಷೆ ಬರೀಬಹುದೇನಪ್ಪ?’ ಬರೆಯಬಹುದು, ಚೆನ್ನಾಗಿಯೇ ಬರೆಯಬಹುದು. ಹೇಗೆ ಎಂಬುದನ್ನು ವಾಣಿಜ್ಯದ ವಿದ್ಯಾರ್ಥಿಯ ದೃಷ್ಟಿಯಿಂದ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಬಳಗದ ಮಿತ್ರರು ಓದಿ ಊರಿನ ತಮ್ಮಂದಿರಿಗೆ, ತಂಗಿಯರಿಗೆ ತಲುಪಿಸಬೇಕಾಗಿ ವಿನಂತಿ.

ಮೊದಲು ಸ್ವಲ್ಪ ಹಿನ್ನೆಲೆ. 2021ರವರೆಗೆ ದೆಹಲಿ ವಿಶ್ವವಿದ್ಯಾಲಯದ ಬಹುತೇಕ ಪದವಿ ಕೋರ್ಸುಗಳಿಗೆ ಹನ್ನೆರಡನೆಯ ತರಗತಿಯ ಅಂಕವೇ ಆಧಾರವಾಗಿತ್ತು. ಆ ವರ್ಷ ಕೆಲವು ಕಾಲೇಜುಗಳು ಕೆಲವು ಕೋರ್ಸುಗಳಿಗೆ ಮೊದಲ ಪಟ್ಟಿಯಲ್ಲೇ ನೂರಕ್ಕೆ ನೂರು ಕೇಳಿದ್ದವು. ಎಲ್ಲಿಂದ ತರೋದು? 2022ರಲ್ಲಿ ಸಿಯುಇಟಿ ಬಂತು. ಎನ್‌ಟಿಎ ಸಂಸ್ಥೆ ನಡೆಸುವ ಈ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. 2025ರಿಂದ ಅದರ ಕ್ರಮ ಹೀಗಿದೆ: ಒಬ್ಬರಿಗೆ ಹೆಚ್ಚೆಂದರೆ ಐದು ವಿಷಯ, ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ, 250 ಅಂಕ. ಸರಿ ಉತ್ತರಕ್ಕೆ ಐದು ಅಂಕ, ತಪ್ಪಿದರೆ ಒಂದು ಅಂಕ ಕಡಿತ, ಬಿಟ್ಟರೆ ಸೊನ್ನೆ. 2024ರವರೆಗೆ ಕೆಲವು ಪ್ರಶ್ನೆಗಳನ್ನು ಬಿಡುವ ಆಯ್ಕೆ ಇತ್ತು, ಈಗಿಲ್ಲ. ಆದ್ದರಿಂದ ‘ಇಷ್ಟು ಮಾಡಿ ಉಳಿದದ್ದು ಬಿಡು’ ಎನ್ನುವ ಹಿರಿಯರ ಮಾತು ಹಳೆಯ ಕ್ಯಾಲೆಂಡರ್ ಇದ್ದಂತೆ.

ಇನ್ನು ಮುಖರ್ಜಿ ನಗರದ ಸಲಹೆಗಳು. ಇಲ್ಲಿಯ ಬತ್ರಾ ಸಿನಿಮಾದ ಸುತ್ತಮುತ್ತ ಟೀ ಅಂಗಡಿ, ಝೆರಾಕ್ಸ್ ಅಂಗಡಿ ಎಲ್ಲಿ ನಿಂತರೂ ಪರೀಕ್ಷೆಯದೇ ಮಾತು. ಎಲ್ಲರ ಬಾಯಲ್ಲೂ ಒಂದೇ ಉಪದೇಶ: ‘ಗೊತ್ತಿಲ್ಲದಿದ್ದರೆ ಮುಟ್ಟಬೇಡ.’ ಆದರೆ ಇಲ್ಲಿರುವ ಹೆಚ್ಚಿನವರು ಯುಪಿಎಸ್‌ಸಿಗೆ ಓದುವವರು. ಅವರ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನದಲ್ಲಿ ಸರಿಗೆ ಎರಡು ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಜಮಾ ಎರಡು, ಖರ್ಚು ಎರಡು, ಉಳಿಕೆ ಸೊನ್ನೆ. ಅವರ ಉಪದೇಶ ಅವರಿಗೆ ಸರಿಯೇ.

ನಮ್ಮ ಪರೀಕ್ಷೆಯಲ್ಲಿ ಅದೇ ನಾಲ್ಕು ಪ್ರಶ್ನೆಗೆ ಜಮಾ ಐದು, ಖರ್ಚು ಮೂರು; ಎರಡು ಅಂಕ ಲಾಭ. ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ತಪ್ಪೆಂದು ಹೊಡೆದುಹಾಕಲು ಬಂದರೆ, ಅಂಥ ಮೂರು ಪ್ರಶ್ನೆಗೆ ಐದರಲ್ಲಿ ಎರಡು ಕಳೆದು ಮೂರು ಉಳಿಯುತ್ತೆ. ಎರಡನ್ನು ಹೊಡೆದುಹಾಕಿದರಂತೂ ಎರಡೇ ಪ್ರಶ್ನೆಗೆ ನಾಲ್ಕು ಅಂಕ. ಇದು ಸರಾಸರಿಯ ಮಾತು. ಯಾವುದೋ ಒಂದು ದಿನ ನಾಲ್ಕೂ ತಪ್ಪಬಹುದು. ಆದರೂ ಖಾಲಿ ಬಿಡೋದಕ್ಕಿಂತ ಗುರುತು ಹಾಕೋದೇ ಮೇಲು. ಇದನ್ನು ಹೇಳಿದರೆ ಇಲ್ಲಿಯ ಅಣ್ಣಂದಿರು ನಗುತ್ತಾರೆ. ನಗಲಿ, ಲೆಕ್ಕ ನಮ್ಮದು.

ಸಮಯದ ವಿಷಯ. 60 ನಿಮಿಷಕ್ಕೆ 50 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡು. ಲೆಕ್ಕಶಾಸ್ತ್ರದಲ್ಲಿ ನಮಗಿರುವ ರೂಢಿಯೇ ಇಲ್ಲಿ ಅಡ್ಡ. ಪಿಯುಸಿಯಲ್ಲಿ ಹಂತ ಹಂತವಾಗಿ ಬರೆದರೆ ಅಂಕ. ಇಲ್ಲಿ ಹಂತವನ್ನು ನೋಡುವವರಿಲ್ಲ. ಉದಾಹರಣೆಗೆ: ಇಬ್ಬರು ಪಾಲುದಾರರು 3:2ರಲ್ಲಿ ಲಾಭ ಹಂಚಿಕೊಳ್ಳುತ್ತಿದ್ದಾರೆ, ಹೊಸಬನಿಗೆ ಐದನೇ ಒಂದು ಪಾಲು ಕೊಟ್ಟರು, ಉಳಿದದ್ದನ್ನು ಹಳೆಯ ಅನುಪಾತದಲ್ಲೇ ಹಂಚಿಕೊಂಡರು, ಹೊಸ ಅನುಪಾತವೇನು? ಪೂರ್ತಿ ಬಿಡಿಸುತ್ತ ಕೂರಬೇಡಿ. ಆಯ್ಕೆಗಳನ್ನೇ ನೋಡಿ. ಯಾವುದರಲ್ಲಿ ಕೊನೆಯ ಸಂಖ್ಯೆ ಮೊತ್ತದ ಐದನೇ ಒಂದು ಭಾಗ, ಮೊದಲೆರಡು 3:2? 12:8:5ರಲ್ಲಿ ಮೊತ್ತ 25, ಕೊನೆಯದು 5, ಸಿಕ್ಕಿತು. ಮೊದಲ ಸುತ್ತಿನಲ್ಲಿ ನೇರ ಪ್ರಶ್ನೆ, ಎರಡನೇ ಸುತ್ತಿನಲ್ಲಿ ಇಂಥ ಲೆಕ್ಕ, ಕೊನೆಯ ಎರಡು ಮೂರು ನಿಮಿಷ ಉಳಿದ ಖಾಲಿಗಳಿಗೆ ಗುರುತು.

ಈಗ ಭಾಷೆಗೆ ಬರೋಣ. ನಮ್ಮವರು ಹೆಚ್ಚು ಹೆದರುವುದು ಇದಕ್ಕೇ. ಹೆದರಿಕೆ ಸುಳ್ಳೇನೂ ಅಲ್ಲ. 2014ರಲ್ಲಿ ಇದೇ ಮುಖರ್ಜಿ ನಗರದ ಬೀದಿಗಳಲ್ಲಿ ಹಿಂದಿ ಮಾಧ್ಯಮದ ಹುಡುಗರು ಯುಪಿಎಸ್‌ಸಿಯ ಸಿಸ್ಯಾಟ್ ಪತ್ರಿಕೆಯ ವಿರುದ್ಧ ಚಳವಳಿ ನಡೆಸಿದರು. ಇಂಗ್ಲಿಷಿನಿಂದ ಮಾಡಿದ ಅನುವಾದ ಹಿಂದಿಯವರಿಗೇ ಅರ್ಥವಾಗೋದಿಲ್ಲ ಎಂಬುದು ಅವರ ದೂರುಗಳಲ್ಲೊಂದು. 2015ರಿಂದ ಆ ಪತ್ರಿಕೆಯಲ್ಲಿ ಶೇಕಡಾ 33 ಪಡೆದರೆ ಸಾಕು ಎಂದಾಯಿತು. ನಮ್ಮಲ್ಲೇ 2024ರ ಆಗಸ್ಟ್ 27ರಂದು ನಡೆದ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಕರ್ನಾಟಕದ ಆಯೋಗದಲ್ಲೇ ಕನ್ನಡಕ್ಕೆ ಈ ಗತಿಯಾದರೆ ದೆಹಲಿಯಲ್ಲಿ ಕೇಳಬೇಕೆ!

ಹಾಗೆಂದು ಕನ್ನಡ ಮಾಧ್ಯಮವನ್ನು ಬಿಡಿ ಎಂದು ನಾನು ಹೇಳೋದಿಲ್ಲ. ಕನ್ನಡದಲ್ಲಿ ಕಲಿತ ವಿಷಯ ಕನ್ನಡದಲ್ಲೇ ಬೇಗ ತಲೆಗೆ ಹೋಗುತ್ತೆ. ಆದರೆ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ ಎನ್ನುವುದು ಎನ್‌ಟಿಎ ನಿಯಮ. ಅದಕ್ಕೇ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಎಡಕ್ಕೆ ಸವಕಳಿ, ಬಲಕ್ಕೆ ಡಿಪ್ರಿಸಿಯೇಷನ್. ಎಡಕ್ಕೆ ಕೀರ್ತಿಮೌಲ್ಯ, ಬಲಕ್ಕೆ ಗುಡ್‌ವಿಲ್. ಎಡಕ್ಕೆ ಸಾಲಪತ್ರ, ಬಲಕ್ಕೆ ಡಿಬೆಂಚರ್ ಎಂದು ಬರೆದಿಡಿ. ಲೆಕ್ಕಶಾಸ್ತ್ರಕ್ಕೂ ವ್ಯವಹಾರ ಅಧ್ಯಯನಕ್ಕೂ ಸೇರಿ ಇನ್ನೂರು ಪದ ಬರೆದರೆ ಮುಖ್ಯವಾದವು ಮುಗಿದಂತೆ. ಪರೀಕ್ಷೆಯಲ್ಲಿ ಅನುವಾದಕರು ಯಾವ ಕನ್ನಡ ಪದ ಹಾಕಿದರೂ ಅದರ ಹಿಂದಿರುವ ಇಂಗ್ಲಿಷ್ ಪದ ಊಹೆಗೆ ಸಿಗುತ್ತೆ.

ಇನ್ನೊಂದು ಸೂಕ್ಷ್ಮ. ಕನ್ನಡದಲ್ಲಿ ‘ಅಲ್ಲ’, ‘ಇಲ್ಲ’ ಬರೋದು ವಾಕ್ಯದ ಕೊನೆಗೆ. ‘ಪಾಲುದಾರನ ನಿವೃತ್ತಿಯ ಸಂದರ್ಭದಲ್ಲಿ ಈ ಕೆಳಗಿನವುಗಳಲ್ಲಿ ಯಾವುದನ್ನು ಹೊಂದಾಣಿಕೆ ಮಾಡುವ ಅಗತ್ಯ ಇರುವುದಿಲ್ಲ?’ ಎಂಬ ಪ್ರಶ್ನೆಯನ್ನು ‘ಅಗತ್ಯ’ದವರೆಗೆ ಓದಿ ಆಯ್ಕೆಗೆ ಹಾರಿದರೆ ಐದು ಅಂಕ ಹೋಗುವುದರ ಜೊತೆಗೆ ಇನ್ನೊಂದು ಕೈಯಿಂದ ಕೊಡಬೇಕು. ಕನ್ನಡದಲ್ಲಿ ಬರೆಯುವವರು ಪ್ರಶ್ನೆಯ ಕೊನೆಯ ಪದವನ್ನು ಮೊದಲು ಓದುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಭಾಷಾ ಪತ್ರಿಕೆಯಾಗಿ ಕನ್ನಡವನ್ನೇ ಆರಿಸಿಕೊಳ್ಳಲು ಅವಕಾಶವಿದೆ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇಲ್ಲಿಯ ಬಿ.ಕಾಂ. ಆನರ್ಸ್‌ಗೆ ಒಂದು ಭಾಷೆ, ಗಣಿತ ಅಥವಾ ಲೆಕ್ಕಶಾಸ್ತ್ರ, ಜೊತೆಗೆ ಇನ್ನೆರಡು ವಿಷಯ ಬೇಕು. ಆ ಭಾಷೆ ಇಂಗ್ಲಿಷೇ ಆಗಬೇಕೆಂದಿಲ್ಲ. ಗದ್ಯಭಾಗ ಓದಿ ಉತ್ತರಿಸುವುದು, ಪದಸಂಪತ್ತು ಮುಂತಾದ ಪ್ರಶ್ನೆಗಳ 250 ಅಂಕಕ್ಕೆ ನಮ್ಮ ಮನೆಮಾತು ಸಾಕಾಗುತ್ತೆ. ಅರ್ಜಿ ತುಂಬುವ ಮುನ್ನ ಆ ವರ್ಷದ ವಿಶ್ವವಿದ್ಯಾಲಯದ ಮಾಹಿತಿ ಪುಸ್ತಿಕೆಯಲ್ಲಿ ವಿಷಯಗಳ ಜೋಡಣೆಯನ್ನು ನೋಡಿಕೊಳ್ಳಿ.

ಕಂಪ್ಯೂಟರ್ ಮುಟ್ಟಿ ಅಭ್ಯಾಸವಿಲ್ಲದವರು ಸೈಬರ್ ಅಂಗಡಿಯಲ್ಲಾದರೂ ನಾಲ್ಕಾರು ಮಾದರಿ ಪರೀಕ್ಷೆ ಬರೆಯಲಿ. ಪರದೆಯ ಮೇಲೆ ‘ಮಾರ್ಕ್ ಫಾರ್ ರಿವ್ಯೂ’ ಎಂಬ ಗುಂಡಿ ಇರುತ್ತೆ. ಉತ್ತರ ಗುರುತಿಸಿ ಅದನ್ನು ಒತ್ತಿದರೆ ಆ ಉತ್ತರ ಲೆಕ್ಕಕ್ಕೆ ಬರುತ್ತೆ; ಉತ್ತರ ಗುರುತಿಸದೆ ಒತ್ತಿದರೆ ಬರೋದಿಲ್ಲ.