ನೆರವು, ಸಾಲ, ಮುಯ್ಯಿ: ಅಂತರರಾಷ್ಟ್ರೀಯ ಸಹಕಾರದ ಪದಗಳು

ಸಿರಿವಂತ ರಾಷ್ಟ್ರವೊಂದು ಬಡ ರಾಷ್ಟ್ರಕ್ಕೆ ಹಣ ಕೊಟ್ಟರೆ ಮರಾಠಿ ಪತ್ರಿಕೆಗಳು ‘ಮದತ್’ ಎಂದೂ ಕನ್ನಡ ಪತ್ರಿಕೆಗಳು ‘ನೆರವು’ ಎಂದೂ ಬರೆಯುತ್ತವೆ. ಎರಡೂ ಸಜ್ಜನ ಪದಗಳೇ. ಆದರೆ ಕೊಟ್ಟದ್ದು ಮರಳಬೇಕೋ ಬೇಡವೋ ಎಂಬುದನ್ನು ಎರಡೂ ಹೇಳುವುದಿಲ್ಲ. ಕನ್ನಡದ ಮನೆಮಾತಿನಲ್ಲಿ ಈ ಭೇದ ನಿಚ್ಚಳವಾಗಿದೆ. ಮರಳಿ ಬಯಸದೆ ಕೊಟ್ಟರೆ ದಾನ. ಬಡ್ಡಿಗೆ ಕೊಟ್ಟರೆ ಸಾಲ. ಬಡ್ಡಿಯಿಲ್ಲದೆ ನಂಬಿಕೆಯ ಮೇಲೆ ಕೊಟ್ಟರೆ ಕೈಗಡ. ಇಂದು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು ಎಂದರೆ ಮುಯ್ಯಿ. ಅಭಿವೃದ್ಧಿ ಸಹಕಾರದ ಇಂದಿನ ಇಕ್ಕಟ್ಟನ್ನು ಈ ನಾಲ್ಕು ಪದಗಳಿಂದ ಅಳೆದು ನೋಡಬಹುದು.

ಸಿರಿವಂತ ರಾಷ್ಟ್ರಗಳು ತಮ್ಮ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ನಿರ್ಣಯಿಸಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ಗಳಂಥ ಕೆಲವನ್ನು ಬಿಟ್ಟರೆ ಆ ಗುರಿ ಮುಟ್ಟಿದವರು ವಿರಳ. 2024ರ ಪ್ರಾಥಮಿಕ ಲೆಕ್ಕದಂತೆ ಒಟ್ಟು ನೆರವು ಸುಮಾರು 21,200 ಕೋಟಿ ಡಾಲರ್, ಅಂದರೆ ಆದಾಯದ ಶೇ. 0.33 ಮಾತ್ರ. 2015ರಲ್ಲಿ ಈ ಗುರಿಯನ್ನು ಕಾನೂನಾಗಿಸಿದ ಬ್ರಿಟನ್ 2021ರಲ್ಲಿ ಅದನ್ನು 0.5ಕ್ಕೆ ಇಳಿಸಿತು, 2027ರ ವೇಳೆಗೆ 0.3ಕ್ಕೆ ಇಳಿಸುವುದಾಗಿ ಸಾರಿದೆ. 1961ರಲ್ಲಿ ಹುಟ್ಟಿದ ಅಮೆರಿಕದ ಯುಎಸ್‌ಏಡ್ ಸಂಸ್ಥೆ 2025ರ ಜುಲೈ ತಿಂಗಳಲ್ಲಿ ತನ್ನ ಕಾರ್ಯವನ್ನೇ ನಿಲ್ಲಿಸಿತು.

ಹಣ ತಗ್ಗಿದ್ದು ಒಂದು ಮಾತು. ಲೆಕ್ಕ ಬರೆಯುವ ಬಗೆ ಇನ್ನೊಂದು. ಬಹುಕಾಲದವರೆಗೆ ನೂರು ಡಾಲರ್ ಅಗ್ಗದ ಸಾಲ ಕೊಟ್ಟ ರಾಷ್ಟ್ರವು ನೂರನ್ನೂ ನೆರವೆಂದೇ ಬರೆದುಕೊಳ್ಳುತ್ತಿತ್ತು. ಅಸಲು ಮರಳಿದಂತೆಲ್ಲ ಆ ಮೊತ್ತ ಕಳೆಯುತ್ತಿತ್ತು. ಬಂದ ಬಡ್ಡಿ ಮಾತ್ರ ಲೆಕ್ಕದಿಂದ ಕಳೆಯುತ್ತಿರಲಿಲ್ಲ. 2018ರ ಲೆಕ್ಕದಿಂದೀಚೆಗೆ ಸಾಲದಲ್ಲಿ ಅಡಗಿರುವ ದಾನದ ಅಂಶವನ್ನಷ್ಟೇ ಎಣಿಸುವ ಪದ್ಧತಿ ಬಂದಿದೆ. ಆದರೂ ತನ್ನ ನೆಲಕ್ಕೆ ಬಂದ ನಿರಾಶ್ರಿತರ ಮೊದಲ ಹನ್ನೆರಡು ತಿಂಗಳ ಅನ್ನವಸತಿಯ ವೆಚ್ಚವನ್ನು ಸಿರಿವಂತ ರಾಷ್ಟ್ರವು ಇಂದಿಗೂ ನೆರವಿನ ಖಾತೆಗೆ ಬರೆಯಬಹುದು. ಮಾನವೀಯ ಕಾರ್ಯವೇನೋ ಸರಿ. ಆದರೆ ಆ ಹಣ ಕೊಟ್ಟವನ ಮನೆಯ ಹೊಸ್ತಿಲನ್ನೇ ದಾಟಿರುವುದಿಲ್ಲ.

ಭಾರತ ಈ ವ್ಯವಹಾರದ ಎರಡೂ ಬದಿಗಳನ್ನು ಕಂಡಿದೆ. ವಿಶ್ವಬ್ಯಾಂಕಿನ ಅಂಗವಾಗಿ 1960ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘದಿಂದ ದಶಕಗಳ ಕಾಲ ಹಣ ಪಡೆದು, 2014ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಬಡ್ಡಿಯಿಲ್ಲದೆ ಅಲ್ಪ ಸೇವಾಶುಲ್ಕಕ್ಕೆ ದೊರೆಯುತ್ತಿದ್ದ ಆ ಹಣವನ್ನು ಕೈಗಡವೆಂದರೆ ತಪ್ಪಾಗದು. ಅವಧಿ ಮಾತ್ರ ಒಂದು ತಲೆಮಾರಿಗೂ ದೀರ್ಘ. 2022ರಲ್ಲಿ ಶ್ರೀಲಂಕಾ ದಿವಾಳಿಯಂಚಿಗೆ ಬಂದಾಗ ಭಾರತ ಸುಮಾರು 400 ಕೋಟಿ ಡಾಲರ್ ಒದಗಿಸಿತು. ಪತ್ರಿಕೆಗಳು ಅದನ್ನೂ ನೆರವೆಂದವು. ಅದರ ಬಹುಪಾಲು ಸಾಲ, ಕರೆನ್ಸಿ ವಿನಿಮಯ ಮತ್ತು ಮುಂದೂಡಿದ ಪಾವತಿ. ಸಮಯಕ್ಕೆ ಒದಗಿದ ಸಾಲ ನಿಜಕ್ಕೂ ಉಪಕಾರವೇ, ಆದರೆ ಅದು ಸಾಲ.

ಮುಯ್ಯಿಯ ಭಾವಕ್ಕೆ ಹತ್ತಿರವಾದ ಉದಾಹರಣೆ ಸೊಲ್ಲಾಪುರದಲ್ಲಿಯೇ ಇದೆ. 1938ರಲ್ಲಿ, ಸ್ವತಃ ಪರಾಧೀನವಾಗಿದ್ದ ಭಾರತವು ಯುದ್ಧಪೀಡಿತ ಚೀನಾಕ್ಕೆ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲೊಬ್ಬರಾದ, ಸೊಲ್ಲಾಪುರದಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಇದನ್ನು ಆದಾಯದ ಶೇಕಡಾವಾರಿನಲ್ಲಿ ಬರೆಯಲಾಗದು. ಬಡವರು ಬಡವರಿಗೆ ಒದಗುವ ಈ ಮಾದರಿಯನ್ನೇ ಇಂದು ದಕ್ಷಿಣ-ದಕ್ಷಿಣ ಸಹಕಾರವೆನ್ನುತ್ತಾರೆ; 1964ರಿಂದ ಭಾರತವು ಇತರ ರಾಷ್ಟ್ರಗಳ ನೌಕರರಿಗೆ ನೀಡುತ್ತಿರುವ ತಾಂತ್ರಿಕ ತರಬೇತಿ ಅದರ ಸೌಮ್ಯ ರೂಪ.

ಮುಂದಿನ ದಾರಿಯ ಚರ್ಚೆ 2025ರಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿ ನಡೆಯಿತು. ಅಮೆರಿಕ ಅದರಿಂದ ದೂರ ಉಳಿಯಿತು. ಅಭಿವೃದ್ಧಿಗೆ ವರ್ಷಕ್ಕೆ 4 ಲಕ್ಷ ಕೋಟಿ ಡಾಲರಿನಷ್ಟು ಕೊರತೆಯಿದೆಯೆಂದು ಅಲ್ಲಿ ಎಣಿಸಲಾಯಿತು. ಅಷ್ಟನ್ನು ಯಾವ ದಾನಿಯೂ ತುಂಬಲಾರನು. ಹಾಗಾಗಿ ಸ್ವಂತ ತೆರಿಗೆಯ ಮಾತು ಮುಂದೆ ಬಂದಿದೆ. ಆದರೆ ಸಂಗ್ರಹವಾದ ತೆರಿಗೆ ಬಡ್ಡಿಗೇ ಹೋದರೆ ಫಲವೇನು? ಆರೋಗ್ಯಕ್ಕೋ ಶಿಕ್ಷಣಕ್ಕೋ ಮಾಡುವ ವೆಚ್ಚಕ್ಕಿಂತ ಬಡ್ಡಿಗೆ ಹೆಚ್ಚು ತೆರುವ ರಾಷ್ಟ್ರಗಳಲ್ಲಿ 300 ಕೋಟಿಗೂ ಅಧಿಕ ಜನರು ಬದುಕಿದ್ದಾರೆ. ಸಾಲ ಕೊಟ್ಟ ಸರಕಾರಗಳಿಗೆ ಕೂಡಿ ಕುಳಿತು ಮಾತನಾಡಲು 1956ರಿಂದ ಪ್ಯಾರಿಸ್ ಕ್ಲಬ್ ಇದೆ. ಸಾಲ ಪಡೆದವರಿಗೆ ಅಂಥದೊಂದು ಕಟ್ಟೆ ಇರಲಿಲ್ಲ. ಅದನ್ನು ಕಟ್ಟಲು ಸೆವಿಲ್ಲಾದಲ್ಲಿ ಒಪ್ಪಿಗೆ ದೊರೆಯಿತು.